ಧಣಿಗಳ ಕುರ್ಚಿ

ಬೊಂಬಾಯಿ
೧೨ ಎಪ್ರಿಲ್ ೧೯೫೭

ಮಗಳೇ ಕಾಂತಿ,

ಹಡಗಿನಿಂದ ಇಳಿದು ಎರಡು ದಿನವಾಯಿತು. ನಾನು ಕ್ಷೇಮ, ನೀನು ಕ್ಷೇಮವೇ ಎಂದು ಬರೆದು ಕಾಗದ ದಂಡ ಮಾಡುವುದಿಲ್ಲ. ಕ್ಷೇಮ ಇಲ್ಲದಿದ್ದರೆ ಈ ಕಾಗದ ಬರೆಯುತ್ತಿದ್ದೆನೇ? ಗ್ರ್ಯಾಂಟ್ ರೋಡಿನ ಹತ್ತಿರ ನಮ್ಮ ಪಾಣೆಮಂಗಳೂರಿನ ಇದಿನಬ್ಬನ ಮೋಟಾರು ಸಾಮಾನಿನ ಅಂಗಡಿ ಉಂಟಲ್ಲ, ಅದರ ಅಟ್ಟದಲ್ಲಿ ನನ್ನ ವಾಸ. ಊಟಕ್ಕೆ ಮುಲ್ಕಿಯವರೊಬ್ಬರ ಹೋಟೆಲು ಉಂಟು. ಸಾರು ನೀರು, ಆದರೆ ಬಡಿಸುವವನು ತುಳು ಮಾತಾಡುತ್ತಾನೆ.

ಹೊರಡುವ ದಿನ ನೀನು ಬಂದರಿನಲ್ಲಿ ಮುಖ ಗಂಟು ಹಾಕಿಕೊಂಡು ನಿಂತಿದ್ದೆ. ಅದಕ್ಕೆ ಮತ್ತೊಮ್ಮೆ ಹೇಳುತ್ತೇನೆ. ನಮ್ಮ ಬಸ್ಸುಗಳಿಗೆ ಬೇಕಾದ ಸ್ಪ್ರಿಂಗು, ಗ್ಯಾಸ್ಕೆಟ್ಟು ಮಂಗಳೂರಿನಲ್ಲಿ ಸಿಗುವ ಹೊತ್ತಿಗೆ ಬಸ್ಸು ಶೆಡ್ಡಿನಲ್ಲಿ ಮಲಗಿ ವಾರಗಟ್ಟಲೆ ಆಗಿರುತ್ತದೆ. ನಾನು ಇಲ್ಲಿ ಕೂತು ಆರಿಸಿ ಕಳುಹಿಸಿದರೆ ಆ ತಾಪತ್ರಯ ಇಲ್ಲ. ಬಂದದ್ದು ಅದಕ್ಕೆ. ಬಸ್ ಸರ್ವಿಸ್ ನಡೆಸಲು ನೀನಿದ್ದೀ. ನಿನ್ನ ಅಣ್ಣ ಶಂಭು ಘಟ್ಟದ ಮೇಲಿನ ಕಾಫಿ ತೋಟದ ಕೆಲಸ ಬಿಟ್ಟು ಬರುವವನಲ್ಲ. ನಮ್ಮಲ್ಲಿ ಮಾವ ಮಾಡಿದ್ದು ತಂಗಿಯ ಮಕ್ಕಳಿಗೆ ಹೋಗುವಂಥದ್ದು. ಮಕ್ಕಳೆಂದರೆ ಗಂಡೇ ಆಗಬೇಕೆಂದು ಯಾರೂ ಕಟ್ಟು ಮಾಡಿಲ್ಲ. ಮೂಡುಬಿದಿರೆಯ ಶಾಲೆಯಲ್ಲಿ ಅಷ್ಟು ಮಕ್ಕಳಿಗೆ ಲೆಕ್ಕ ಕಲಿಸಿದವಳಿಗೆ ನಾಲ್ಕು ಬಸ್ಸು ದೊಡ್ಡದೋ?

ಡ್ರೈವರ್ ಮೊಯಿದಿನಬ್ಬ ಗೊಣಗಿದರೆ ಗೊಣಗಲಿ. ಯುದ್ಧದ ಕಾಲದಲ್ಲಿ ಇದ್ದಲು ಗ್ಯಾಸಿನ ಬಸ್ಸನ್ನು ನಾನೂ ಅವನೂ ಚಾರ್ಮಾಡಿಯ ಏರಿನಲ್ಲಿ ನೂಕಿ ಹತ್ತಿಸಿದವರು. ಅವನ ಬಾಯಿ ಮಾತ್ರ ಖಾರ.

ಕೊನೆಗೊಂದು ಮಾತು. ಆಫೀಸಿನಲ್ಲಿ ನನ್ನ ಕುರ್ಚಿಯಲ್ಲೇ ಕೂತುಕೋ. ಪಕ್ಕದಲ್ಲಿ ಸ್ಟೂಲು ಹಾಕಿಕೊಳ್ಳಬೇಡ. ಕೂತಿದ್ದೇನೆ ಎಂದು ಬರೆ, ನನಗೆ ಸಮಾಧಾನ.

ಮಾವ
ಮುಂಡಪ್ಪ


ಬಂಟ್ವಾಳ
೩ ಮೇ ೧೯೫೭

ಮಾವನವರಿಗೆ ಕಾಂತಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಕುರ್ಚಿಯಲ್ಲೇ ಕೂತಿದ್ದೇನೆ, ಸಮಾಧಾನ ಮಾಡಿಕೊಳ್ಳಿ.

ಸಿಟ್ಟು ಹೋಗಿಲ್ಲ ಎಂಬುದನ್ನೂ ಬರೆಯುತ್ತೇನೆ. ಸ್ಪ್ರಿಂಗು ಆರಿಸಲು ಇದಿನಬ್ಬ ಬ್ಯಾರಿಗಳಿಗೆ ಗೊತ್ತಿಲ್ಲವೇ? ನಿಮಗೆ ಸರ್ವಿಸ್ ಸಾಕಾಗಿತ್ತು, ನನ್ನ ತಲೆಗೆ ಕಟ್ಟಿ ಹೋದಿರಿ. ಅಮ್ಮನೂ ಹಾಗೇ ಹೇಳುತ್ತಾರೆ.

ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಜನ. ಟಯರು ಹಾಕಬೇಕೋ ಬೇಡವೋ, ಕಂಡಕ್ಟರಿಗೆ ಜ್ವರ, ಯಾರನ್ನು ಕಳುಹಿಸುವ? ತೋಡಾರಿನಲ್ಲಿ ಯಾರೋ ಜಗಳ ಮಾಡಿದರು, ಏನು ಹೇಳುವ? ನಾನು ಉತ್ತರ ಕೊಟ್ಟರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: “ಧಣಿಗಳು ಇದ್ದಿದ್ದರೆ ಹೀಗೆ ಮಾಡ್ತಿರ್ಲಿಲ್ಲ.” ಮೊಯಿದಿನಬ್ಬರಂತೂ ಬಸ್ಸು ಹೊರಡಿಸುವ ಮೊದಲು ಆಫೀಸಿಗೆ ಬಂದು ನಿಮ್ಮ ಕುರ್ಚಿಯ ಕಡೆ ನೋಡಿ “ಹೊರಡ್ತೇನೆ” ಎಂದು ಹೇಳಿ ಹೋಗುತ್ತಾರೆ. ಊಟ ಮಾಡಲು ಹೊತ್ತಿಲ್ಲ. ಶಾಲೆಯಲ್ಲಿ ಗಂಟೆ ಹೊಡೆದರೆ ಒಂದು ತರಗತಿ ಮುಗಿಯುತ್ತಿತ್ತು. ಇಲ್ಲಿ ಯಾವುದೂ ಮುಗಿಯುವುದಿಲ್ಲ.

ಯಾವಾಗ ಬರುತ್ತೀರಿ ಎಂದು ಬರೆಯಿರಿ.

ಕಾಂತಿ


ಬೊಂಬಾಯಿ
೨೦ ಜೂನ್ ೧೯೫೭

ಮಗಳೇ,

ಇನ್ನು ಸೆಪ್ಟೆಂಬರಿನವರೆಗೆ ಹಡಗಿಲ್ಲ, ಸಮುದ್ರ ಕೆರಳಿದೆ. ಬರುವ ಮಾತು ಆಮೇಲೆ.

ನೀನು ಬರೆದದ್ದನ್ನು ಓದಿದೆ. ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತೀಯಲ್ಲ, ಅದಕ್ಕೇ ಪ್ರಶ್ನೆ ಮುಗಿಯುವುದಿಲ್ಲ ಮಾರಾಯ್ತಿ! ನಾನೂ ಹಾಗೆ ಮಾಡಿ ಕೆಟ್ಟವನು. ಒಂದು ಟಯರು ಬದಲಿಸಲು ಇಡೀ ಬಂಟ್ವಾಳ ನನ್ನನ್ನು ಕೇಳುತ್ತಿತ್ತು, ನನಗದು ಹೆಮ್ಮೆ. ಟಯರು ಫಿಟ್ಟರಿಗೆ ಬಿಡು, ಜ್ವರ ಬಂದವನ ಬದಲಿ ಕಂಡಕ್ಟರುಗಳೇ ಮಾತಾಡಿಕೊಳ್ಳಲಿ. ಮೊದಮೊದಲು ತಪ್ಪು ಮಾಡುತ್ತಾರೆ. ಮಾಡಲಿ. ನಿನ್ನ ಹೊತ್ತನ್ನು ನೀನು ಹಿಡಿದಿಟ್ಟುಕೊಳ್ಳದಿದ್ದರೆ ಕಂಡವರೆಲ್ಲ ತಿಂದು ಮುಗಿಸುತ್ತಾರೆ.

ಸ್ಪ್ರಿಂಗು ಪ್ಲೇಟುಗಳನ್ನು ರೈಲಿನಲ್ಲಿ ಹಾಕಿದ್ದೇನೆ. ಇಲ್ಲಿಯ ಮಳೆಗೆ ನನಗೆ ಸ್ವಲ್ಪ ಕೆಮ್ಮು. ಅಮ್ಮನಿಗೆ ಹೇಳಬೇಡ, ಕಷಾಯದ ಪುಡಿ ಕಳುಹಿಸುತ್ತಾಳೆ, ಅದನ್ನು ಕುಡಿಯುವವರು ಯಾರು?

ಮಾವ


ಬಂಟ್ವಾಳ
೧೮ ನವೆಂಬರ್ ೧೯೫೮

ಮಾವನವರಿಗೆ ನಮಸ್ಕಾರಗಳು.

ದೀಪಾವಳಿಗೆ ಬರುತ್ತೀರೆಂದು ಅಮ್ಮ ಎಣ್ಣೆ ಕಾಯಿಸಿ ಇಟ್ಟಿದ್ದರು. ನೀವು ಬರಲಿಲ್ಲ. ಎರಡು ವರ್ಷವೂ ಅದೇ. ಕಾರಣ ಕೇಳುವುದಿಲ್ಲ, ಕೇಳಿದರೆ ಗ್ಯಾಸ್ಕೆಟ್ಟಿನ ಕಥೆ ಬರುತ್ತದೆ.

ನಾನು ಒಂದು ದೊಡ್ಡ ಬದಲಾವಣೆ ಮಾಡಿದ್ದೇನೆ. ನೀವು ಒಪ್ಪಲಿಕ್ಕಿಲ್ಲ. ನಮ್ಮ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ, ಪರಿಚಯದವರು ಸ್ನಾನ ಮಾಡಿ ಬರುವವರೆಗೆ ಕಾಯುತ್ತದೆ. ಜನಕ್ಕೆ ಅದು ಪ್ರೀತಿ, ಸರಿ. ಆದರೆ ಬೆಳ್ತಂಗಡಿಯ ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು ರಸ್ತೆಯ ಬದಿಯಲ್ಲಿ ಅರ್ಧ ದಿನ ನಿಲ್ಲುತ್ತಾರೆ. ನಿಂತವರ ಮುಖ ಬಸ್ಸಿನ ಒಳಗಿನಿಂದ ಯಾರಿಗೂ ಕಾಣುವುದಿಲ್ಲ. ನಾನು ಒಂದು ವಾರ ಟಿಕೇಟು ತೆಗೆದುಕೊಂಡು ಎಲ್ಲ ಲೈನಿನ ಬಸ್ಸಿನಲ್ಲೂ ಕೂತು ನೋಡಿದೆ. ಆಮೇಲೆ ನಿಲ್ದಾಣಗಳನ್ನು ಗೊತ್ತು ಮಾಡಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಸಮಯದ ಬೋರ್ಡು ಹಾಕಿಸಿದೆ. ಬೋರ್ಡಿನ ಹೊತ್ತಿಗೆ ಬಸ್ಸು ಹೊರಡಬೇಕು, ಯಾರು ಬರಲಿ ಬಿಡಲಿ. ಡ್ರೈವರುಗಳ ಲೈನನ್ನೂ ತಿಂಗಳಿಗೊಮ್ಮೆ ಬದಲಿಸುತ್ತೇನೆ. ಇಷ್ಟು ದಿನ ಜನ “ಮೊಯಿದಿನಬ್ಬನ ಬಸ್ಸು” ಎನ್ನುತ್ತಿದ್ದರೇ ಹೊರತು ನಮ್ಮ ಸರ್ವಿಸ್ಸಿನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಮೊಯಿದಿನಬ್ಬರು ಬೋರ್ಡಿನ ಎದುರು ನಿಂತು ಕೇಳಿದರು: “ಇದಕ್ಕೆ ಜೀವ ಉಂಟೋ? ಮುದುಕಿ ಓಡಿ ಬರ್ತಿದ್ದರೆ ಈ ಹಲಗೆಗೆ ಕಾಣ್ತದೋ?” ಎಲ್ಲರೂ ನಕ್ಕರು.

ನೀವು ಅವರಿಗೊಂದು ಕಾಗದ ಬರೆದು, ಕಾಂತಿ ಹೇಳಿದಂತೆ ಕೇಳು ಎಂದು ಹೇಳಬಹುದೇ? ಒಂದು ಸಾಲು ಸಾಕು.

ಕಾಂತಿ


ಬೊಂಬಾಯಿ
೧೪ ಡಿಸೆಂಬರ್ ೧೯೫೮

ಮಗಳೇ,

ಬರೆಯುವುದಿಲ್ಲ.

ನಾನು ಹೇಳಿ ಅವನು ಕೇಳಿದರೆ ಅವನು ಕೇಳಿದ್ದು ನನ್ನ ಮಾತನ್ನು. ಅದರಿಂದ ನಿನಗೇನು ಬಂತು? ಅವನು ನನಗೆ ಕಾಗದದ ಮೇಲೆ ಕಾಗದ ಹಾಕಿಸುತ್ತಿದ್ದಾನೆ, ನಿನ್ನ ಮೇಲೆ ದೂರು. ಒಂದಕ್ಕೂ ಉತ್ತರ ಕೊಟ್ಟಿಲ್ಲ. ಅವನ ಜೊತೆ ಮಾತಿಲ್ಲದೆ ಇರುವುದು ನನಗೆ ಸುಲಭ ಎಂದು ತಿಳಿಯಬೇಡ.

ಬೋರ್ಡಿನ ವಿಷಯ ನನಗೆ ಹಿಡಿಸಲಿಲ್ಲ ಎಂದು ನಿಜವನ್ನೇ ಹೇಳುತ್ತೇನೆ. ನನ್ನ ಕಣ್ಣಿಗೆ ಬಸ್ಸು ಎಂದರೆ ಮನೆಯವರ ಹಾಗೆ, ಕರೆದಾಗ ನಿಲ್ಲಬೇಕು. ಆದರೆ ನನ್ನ ಕಣ್ಣು ಹಳೆಯದು. ನಿನಗೆ ಸರಿ ಕಂಡರೆ ಮಾಡು, ಮಾಡಿದ ಮೇಲೆ ಹಿಂದೆ ತಿರುಗಿ ನನ್ನ ಮುಖ ನೋಡಬೇಡ.

ಎಣ್ಣೆ ಕಾಯಿಸಿಟ್ಟಿದ್ದಳೆಂದು ಓದಿದೆ. ತಂಗಿಗೆ ಹೇಳು, ಇಲ್ಲಿ ನಲ್ಲಿಯ ನೀರಿನಲ್ಲಿ ಅಣ್ಣನ ಅಭ್ಯಂಗ ಆಯಿತೆಂದು.

ಮಾವ


ಬಂಟ್ವಾಳ
೩೦ ಮಾರ್ಚ್ ೧೯೬೦

ಮಾವನವರಿಗೆ,

ಬಹಳ ದಿನದಿಂದ ಬರೆದಿಲ್ಲ. ಈಗ ಬರೆಯುವುದು ಒಳ್ಳೆಯ ಸುದ್ದಿಯೂ ಅಲ್ಲ.

ಕಳೆದ ವಾರ ಎಸ್ಸೆಸ್ಸೆಲ್ಸಿ ಪಬ್ಲಿಕ್ ಪರೀಕ್ಷೆ ಶುರುವಾಯಿತು. ಮೊದಲ ದಿನ ಚಾರ್ಮಾಡಿಯಿಂದ ಇಳಿಯುವ ಬೆಳಗ್ಗಿನ ಬಸ್ಸಿಗೆ ಮೊಯಿದಿನಬ್ಬರು. ಕಕ್ಕಿಂಜೆಯಲ್ಲಿ ಒಂದು ಮದುವೆಯ ದಿಬ್ಬಣ ಹೊರಡುವುದಿತ್ತು, ಮದುಮಗಳಿಗೆ ಇನ್ನೂ ಹೂ ಮುಡಿಸುತ್ತಿದ್ದರಂತೆ. ಇವರು ಬಸ್ಸು ನಿಲ್ಲಿಸಿ ಕಾದರು. ಕಾದು, ಅವರ ಮನೆಯ ಬೆಲ್ಲ ನೀರು ಕುಡಿದು, ದಿಬ್ಬಣವನ್ನು ಹತ್ತಿಸಿಕೊಂಡು ಬಂದರು. ಮುಂದೆ ಮುಂಡಾಜೆಯ ರಸ್ತೆಯಲ್ಲಿ ಪೂವಮ್ಮ ಎಂಬವರ ಮಗಳು ಪರೀಕ್ಷೆಗೆಂದು ನಿಂತಿದ್ದಳು. ಬೋರ್ಡು ನೋಡಿ ಬಂದವಳು. ಬೆಳ್ತಂಗಡಿ ತಲುಪುವಾಗ ಪರೀಕ್ಷೆಯ ಕೋಣೆಯ ಬಾಗಿಲು ಹಾಕಿ ಆಗಿತ್ತು. ಒಳಗೆ ಬಿಡಲಿಲ್ಲ. ಅವರ ಮನೆಯಲ್ಲಿ ಪರೀಕ್ಷೆಯವರೆಗೆ ಬಂದ ಮೊದಲ ಹುಡುಗಿ. ಒಂದು ವರ್ಷ ಹೋಯಿತು.

ಮರುದಿನ ಪೂವಮ್ಮ ಬಂಟ್ವಾಳಕ್ಕೆ ಬಂದರು. ಬೈಯಲಿಲ್ಲ. ಆಫೀಸಿನ ಬಾಗಿಲಲ್ಲಿ ನಿಂತು ನಿಮ್ಮ ಖಾಲಿ ಕುರ್ಚಿಯನ್ನು ನೋಡಿ ಕೇಳಿದರು: “ಇಲ್ಲಿ ಧಣಿ ಯಾರು? ನಾನು ಯಾರ ಹತ್ತಿರ ಹೇಳುವುದು?”

ಮಾವ, ಕುರ್ಚಿಯಲ್ಲಿ ಕೂತಿದ್ದೇನೆ ಎಂದು ನಿಮಗೆ ಬರೆದದ್ದು ಸುಳ್ಳು. ಮೂರು ವರ್ಷದಿಂದ ಸ್ಟೂಲಿನಲ್ಲೇ ಇದ್ದೇನೆ. ನಿಮ್ಮ ಶಾಲು ಕುರ್ಚಿಯ ಬೆನ್ನಿಗೆ ಹಾಗೇ ಉಂಟು, ಗುಡಿಸುವವಳು ದಿನಾ ಕೊಡವಿ ಹಾಕುತ್ತಾಳೆ. ಪೂವಮ್ಮನಿಗೆ “ನಾನೇ, ನನ್ನ ಹತ್ತಿರ ಹೇಳಿ” ಎಂದೆ. ಅವರು ನನ್ನನ್ನೂ ಸ್ಟೂಲನ್ನೂ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ.

ಮೊಯಿದಿನಬ್ಬರನ್ನು ಕರೆದು ಕೇಳಿದೆ. “ಮದುಮಗಳನ್ನು ದಾರಿಯಲ್ಲಿ ಬಿಟ್ಟು ಬರುವುದುಂಟೋ? ಧಣಿಗಳು ಇದ್ದಿದ್ದರೆ ಕಾಯ್ತಿದ್ದರು” ಎಂದರು. ಮುಂಡಾಜೆಗೆ ಹೋಗಿ ಆ ಹುಡುಗಿಯ ಎದುರು ತಪ್ಪಾಯಿತೆಂದು ಹೇಳಿ ಬನ್ನಿ, ಅಲ್ಲಿಯವರೆಗೆ ಬಸ್ಸು ಮುಟ್ಟಬೇಡಿ ಎಂದೆ. ಅವರು ಜೇಬಿನಿಂದ ಬಸ್ಸಿನ ಬೀಗದ ಕೈ ತೆಗೆದು ನನ್ನ ಕೈಗೆ ಕೊಡಲಿಲ್ಲ, ನಿಮ್ಮ ಕುರ್ಚಿಯ ಮೇಲೆ ಇಟ್ಟು ಹೋದರು. ಮತ್ತೆ ಬಂದಿಲ್ಲ. ಗುರುವಪ್ಪ ಎಂಬ ಹೊಸ ಡ್ರೈವರನ್ನು ಹಾಕಿದ್ದೇನೆ. ಊರಿನವರು ನನ್ನ ಮುಖ ನೋಡುವುದಿಲ್ಲ.

ನನಗೆ ಸಾಕಾಗಿದೆ. ಬನ್ನಿ.

ಕಾಂತಿ


ಬೊಂಬಾಯಿ
೮ ಎಪ್ರಿಲ್ ೧೯೬೦

ಮಗಳೇ,

ನಿನ್ನ ಕಾಗದ ಓದಿ ಮೂರು ಸಲ ಚಪ್ಪಲಿ ಹಾಕಿಕೊಂಡೆ, ಮೂರು ಸಲ ಬಿಚ್ಚಿದೆ.

ಮೊಯಿದಿನಬ್ಬ ಹೇಳಿದ್ದು ಸುಳ್ಳಲ್ಲ. ನಾನಿದ್ದಿದ್ದರೆ ಕಾಯುತ್ತಿದ್ದೆ. ಬೆಲ್ಲ ನೀರನ್ನೂ ಕುಡಿಯುತ್ತಿದ್ದೆ, ಮದುಮಗಳಿಗೆ ಕೈಗಾಣಿಕೆಯನ್ನೂ ಕೊಡುತ್ತಿದ್ದೆ, ಎಲ್ಲರೂ ಮುಂಡಪ್ಪಣ್ಣನಂಥ ಧಣಿ ಇಲ್ಲ ಎನ್ನುತ್ತಿದ್ದರು. ಮುಂಡಾಜೆಯಲ್ಲಿ ನಿಂತ ಹುಡುಗಿ ನನ್ನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅಂಥವರು ಎಷ್ಟು ಜನ ನಿಂತಿದ್ದರೋ. ಇದನ್ನು ಯೋಚಿಸಿ ನನಗೆ ಊಟ ಸೇರಲಿಲ್ಲ.

ನೀನು ಮಾಡಿದ್ದು ಸರಿ. ನನ್ನ ಸ್ನೇಹಿತನನ್ನು ಕಳೆದುಕೊಂಡದ್ದು ದುಃಖ, ಆದರೂ ಸರಿ.

ಈಗ ಬರುವುದಿಲ್ಲ. ಬೈದುಕೋ.

ಆ ಸ್ಟೂಲನ್ನು ಒಲೆಗೆ ಹಾಕು.

ಮಾವ


ಬಂಟ್ವಾಳ
೯ ಫೆಬ್ರವರಿ ೧೯೬೧

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಇಷ್ಟು ತಿಂಗಳು ಬರೆಯಲಿಲ್ಲ. ಕರೆದಾಗ ಬರಲಿಲ್ಲವಲ್ಲ. ಇವತ್ತು ಬರೆಯದೆ ಇರಲಿಕ್ಕಾಗುವುದಿಲ್ಲ.

ಸೋಮವಾರ ಮೊಯಿದಿನಬ್ಬರು ಬಿ.ಸಿ. ರೋಡಿನಲ್ಲಿ ನಮ್ಮ ಬಸ್ಸು ಹತ್ತಿದರಂತೆ, ಪ್ರಯಾಣಿಕರ ಸೀಟಿನಲ್ಲಿ. ಕಂಡಕ್ಟರ್ ಬೇಡವೆಂದರೂ ಟಿಕೇಟು ತೆಗೆದುಕೊಂಡರಂತೆ. ಚಾರ್ಮಾಡಿಯವರೆಗೆ ಹೋಗಿ ಅದೇ ಬಸ್ಸಿನಲ್ಲಿ ಹಿಂದೆ ಬಂದರು. ದಾರಿಯಲ್ಲಿ ಮುಂಡಾಜೆಯಲ್ಲಿ ಇಳಿಯಲು ಎದ್ದು ನಿಂತರಂತೆ, ಮತ್ತೆ ಕೂತರಂತೆ. ಮರುದಿನ ಪುನಃ ಹೋದರು. ಆ ಸಲ ಇಳಿದರು. ಪೂವಮ್ಮನ ಮನೆಯ ಜಗಲಿಯಲ್ಲಿ ಕೂತು ಏನು ಹೇಳಿದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ನಿನ್ನೆ ಆಫೀಸಿಗೆ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. “ಆ ಗುರುವಪ್ಪ ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ನಿಂತಿರ್ತಾನೆ, ಹೇಳಿ ಅವನಿಗೆ” ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಜನ ಬಸ್ಸಿಗಿಂತ ಮುಂಚೆ ಬಂದು ನಿಂತಿರ್ತಾರೆ ಅಮ್ಮ. ನಾನು ಇಷ್ಟು ವರ್ಷ ಅವರಿಗಾಗಿ ಕಾದೆ, ಬಸ್ಸು ಬರ್ತದೆ ಅಂತ ನಂಬಿ ಯಾರೂ ಹಾಗೆ ಮುಂಚೆ ಬಂದು ನಿಂತದ್ದಿಲ್ಲ.”

ಬೀಗದ ಕೈ ಕೇಳಿದರು. ಕೊಟ್ಟೆ. ಅದನ್ನು ಜೇಬಿಗೆ ಹಾಕಿದ ಮೇಲೆ ನಿಮ್ಮ ಶಾಲನ್ನು ಕುರ್ಚಿಯಿಂದ ತೆಗೆದು, ಮಡಚಿ ಬೀರುವಿನಲ್ಲಿಟ್ಟು, ಕುರ್ಚಿಯನ್ನು ತಮ್ಮ ತಲೆಗೆ ಕಟ್ಟಿದ ಬಟ್ಟೆಯಿಂದಲೇ ಒರಸಿ, “ಕೂತುಕೊಳ್ಳಿ” ಎಂದರು. ಕೂತೆ. ಇವತ್ತು ಬೆಳಿಗ್ಗೆ ಬಂದು ನನ್ನ ಮುಖ ನೋಡಿ “ಹೊರಡ್ತೇನೆ” ಎಂದು ಹೇಳಿ ಹೋದರು.

ಮಾವ, ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಯಾಕೆಂದು ಕೇಳಬೇಡಿ.

ಕಾಂತಿ


ಬೊಂಬಾಯಿ
೨ ಎಪ್ರಿಲ್ ೧೯೬೧

ಮಗಳೇ ಕಾಂತಿ,

ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಒಬ್ಬ ಸರ್ದಾರ್ಜಿ ಕಾರ್ಬೋರೇಟರ್ ಕೇಳಲು ಬಂದವನು, ಅವನಿಗೂ. ಅವನಿಗೆ ತಲೆ ಬುಡ ಅರ್ಥವಾಗಲಿಲ್ಲ, ಆದರೂ ನನ್ನ ಬೆನ್ನು ತಟ್ಟಿದ.

ಈಗ ನನಗೂ ಊರಿಗೆ ಬರುವ ಮನಸ್ಸಾಗಿದೆ. ಮೇ ತಿಂಗಳ ಕೊನೆಯ ಹಡಗಿಗೆ ಬರುವ ಎಂದು ನೋಡುತ್ತಿದ್ದೇನೆ, ಆಮೇಲೆ ಮಳೆಗಾಲ. ರೈಲು, ಘಟ್ಟ ಎಂದು ಸುತ್ತಿ ಬರಲು ಈ ಮೈ ಸೋಮಾರಿಯಾಗಿದೆ. ನಿನ್ನ ಅಮ್ಮನ ಕೈಯ ನೀರುದೋಸೆ ತಿನ್ನಬೇಕು. ಬೋರ್ಡಿನ ಎದುರು ನಿಂತು ನನ್ನದೇ ಬಸ್ಸಿಗೆ ಹೊತ್ತಿಗೆ ಸರಿಯಾಗಿ ಹತ್ತಬೇಕು. ಇಷ್ಟೇ ಆಸೆ. ನಿನಗೆ ಅಡ್ಡಿ ಇಲ್ಲದಿದ್ದರೆ ಬರೆ.

ಮಾವ


ಬಂಟ್ವಾಳ
೧೧ ಎಪ್ರಿಲ್ ೧೯೬೧

ಮಾವನವರಿಗೆ,

ಈ ಕಾಗದವನ್ನು ನಾಲ್ಕು ಸಲ ಹರಿದು ಬರೆಯುತ್ತಿದ್ದೇನೆ.

ನಾಲ್ಕು ವರ್ಷ ಬನ್ನಿ ಎಂದವಳೇ ಈಗ ಬೇಡ ಎನ್ನಬೇಕಾಗಿದೆ. ಜುಲೈಯಲ್ಲಿ ನಮ್ಮ ಪರ್ಮಿಟ್ಟುಗಳ ವಿಚಾರಣೆ ಉಂಟು, ಮಂಗಳೂರಿನಲ್ಲಿ. ಎಲ್ಲ ಲೈನುಗಳನ್ನೂ ನನ್ನ ಹೆಸರಿಗೆ ಕೇಳಿದ್ದೇನೆ, ಮೂಡುಬಿದಿರೆಯಿಂದ ನಾರಾವಿಗೆ ಹೊಸ ಲೈನನ್ನೂ. ನಮ್ಮ ಲೈನುಗಳ ಮೇಲೆ ಕಣ್ಣಿಟ್ಟ ಬೇರೆ ಕಂಪೆನಿಯವರು ವಕೀಲರನ್ನು ಇಟ್ಟಿದ್ದಾರೆ. ಹೆಸರಿಗೆ ಹೆಂಗಸು, ನಡೆಸುವವನು ಮಾವ ಎಂದು ಅವರ ವಾದ. ನೀವು ಬಂದು ಆಫೀಸಿನ ಜಗಲಿಯಲ್ಲಿ ಕೂತರೆ ಅವರು ಹೇಳಿದ್ದು ನಿಜವಾಗುತ್ತದೆ. ಲೈನು ಹೋದರೆ ಸರ್ವಿಸ್ಸೇ ಹೋಯಿತು.

ಇದು ಹೊರಗಿನ ಕಾರಣ. ಒಳಗಿನದ್ದನ್ನೂ ಹೇಳುತ್ತೇನೆ. ನಾನು ಕುರ್ಚಿಯಲ್ಲಿ ಕೂತು ಎರಡು ತಿಂಗಳಾಯಿತು ಅಷ್ಟೇ. ನೀವು ಮೆಟ್ಟಿಲು ಹತ್ತಿದರೆ ನಾನು ಎದ್ದು ನಿಲ್ಲುತ್ತೇನೆ. ಯಾರೂ ಹೇಳಬೇಕಾಗಿಲ್ಲ, ಕಾಲು ತಾನೇ ಏಳುತ್ತದೆ. ಒಂದು ಸಲ ಎದ್ದರೆ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ, ಮತ್ತೆ ಕೂರುವ ಧೈರ್ಯ ನನಗೆ ಬರುವುದಿಲ್ಲ. ಇನ್ನೊಂದಿಷ್ಟು ದಿನ ಕೊಡಿ. ಸೆಪ್ಟೆಂಬರಿನ ಮೊದಲ ಹಡಗಿಗೆ ಬನ್ನಿ, ನಾನೇ ಬಂದರಿಗೆ ಬರುತ್ತೇನೆ.

ಒಂದು ಒಳ್ಳೆಯ ಸುದ್ದಿ. ಪೂವಮ್ಮನ ಮಗಳು ಈ ವರ್ಷ ಪರೀಕ್ಷೆ ಬರೆದಳು. ಅಷ್ಟೂ ದಿನ ಬಸ್ಸು ತಂದವರು ಮೊಯಿದಿನಬ್ಬರು, ಲೈನು ಬದಲಿಸಬೇಡಿ ಎಂದು ಅವರೇ ಕೇಳಿಕೊಂಡಿದ್ದರು.

ನನ್ನ ಮೇಲೆ ಬೇಸರ ಮಾಡಬೇಡಿ.

ಕಾಂತಿ


ಬೊಂಬಾಯಿ
೧೯ ಎಪ್ರಿಲ್ ೧೯೬೧

ಮಗಳೇ,

ಅಕ್ಷರ ಬೇರೆ ಕಂಡು ಗಾಬರಿಯಾಗಬೇಡ. ನನ್ನ ಕನ್ನಡಕ ಒಡೆದಿದೆ. ನಾನು ಹೇಳುತ್ತೇನೆ, ಇದಿನಬ್ಬನ ಮಗಳು ಸೈನಬ ಬರೆಯುತ್ತಾಳೆ. ಊರಿನ ಶಾಲೆಯಲ್ಲಿ ಕಲಿತವಳು, ನಿನ್ನ ಅಕ್ಷರಕ್ಕಿಂತ ಚೆಂದ.

ಬೇಸರ ಏನು ಬಂತು? ನೀನು ಬರೆದದ್ದು ಧಣಿಯ ಕಾಗದ. ನನಗೆ ಖುಷಿಯಾಗಿದೆ. ಸೆಪ್ಟೆಂಬರಿಗೇ ಬರುತ್ತೇನೆ. ನೀರುದೋಸೆ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಬಂದಾಗಲೂ ಎದ್ದೇಳಬೇಡ. ಕೂತಲ್ಲಿಂದಲೇ “ಬನ್ನಿ ಮಾವ” ಎನ್ನು. ಎದುರಿಗೆ ಸ್ಟೂಲು ಹಾಕಿಸಿದರೆ ಸಾಕು. ಅದನ್ನು ಸುಟ್ಟಿಲ್ಲ ತಾನೇ?

ಮಾವ


ಬಂಟ್ವಾಳ
೨೮ ಜುಲೈ ೧೯೬೧

ಪ್ರೀತಿಯ ಮಾವನವರಿಗೆ,

ಆಯಿತು! ನಿನ್ನೆ ಆರ್ಡರು ಬಂತು. ಎಲ್ಲ ಲೈನೂ ನನ್ನ ಹೆಸರಿಗೆ, ನಾರಾವಿಯೂ ಸಿಕ್ಕಿತು. ವಿಚಾರಣೆಯ ದಿನ ಆ ವಕೀಲರು ನಿಮ್ಮ ಹೆಸರೆತ್ತಿ, ಮುಂಡಪ್ಪನವರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ಬೊಂಬಾಯಿಯಲ್ಲಿದ್ದಾರೆ, ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿಲ್ಲ ಎಂದೆ. ಅವರು ಫೈಲು ಮಡಚಿ ಕೂತರು. ನೀವು ಬರಲಿಲ್ಲವೆಂದು ಇಷ್ಟು ವರ್ಷ ಬೈದುಕೊಂಡಿದ್ದೆ, ಕೊನೆಗೆ ನನ್ನನ್ನು ಗೆಲ್ಲಿಸಿದ್ದು ಅದೇ.

ಸೆಪ್ಟೆಂಬರಿನ ಮೊದಲ ಹಡಗಿಗೆ ಟಿಕೇಟು ಮಾಡಿಸಿ. ಅಮ್ಮ ಅಕ್ಕಿ ನೆನೆಹಾಕುವುದೊಂದೇ ಬಾಕಿ. ಮೊಯಿದಿನಬ್ಬರು ಬಂದರಿಗೆ ತಾವೇ ಬಸ್ಸು ತರುತ್ತಾರಂತೆ, “ಆ ಒಂದು ಬಸ್ಸು ಮಾತ್ರ ಕಾಯ್ತದೆ, ಬೋರ್ಡಿನಲ್ಲಿ ಬರೆದುಕೊಳ್ಳಿ” ಎಂದು ನನಗೇ ಹೇಳಿದರು. ಹೊಸ ಕನ್ನಡಕ ಆಯಿತೇ? ಇಲ್ಲದಿದ್ದರೆ ಇಲ್ಲಿ ಮಾಡಿಸುವ.

ಸ್ಟೂಲು ಉಂಟು.

ನಿಮ್ಮ
ಕಾಂತಿ


ಬೊಂಬಾಯಿ
೧೦ ಆಗಸ್ಟ್ ೧೯೬೧

ಕಾಂತಿಯಮ್ಮನವರಿಗೆ ಇದಿನಬ್ಬ ಮಾಡುವ ಸಲಾಂ.

ತಂತಿ ಮುಟ್ಟಿರಬೇಕು. ಆರನೇ ತಾರೀಕು ಬೆಳಿಗ್ಗೆ ಮುಂಡಪ್ಪಣ್ಣ ಹೋದರು. ಶಂಭು ರೈಲಿನಲ್ಲಿ ಬರುವಾಗ ಕಾಲ ಮೀರಿತ್ತು, ಊರಿನ ಬಂಟರು ನಾಲ್ಕು ಮಂದಿ ಸೇರಿ ಕೆಲಸ ಮಾಡಿ ಮುಗಿಸಿದ್ದರು. ಬೂದಿಯನ್ನು ಶಂಭು ತರ್ತಾರೆ. ಅವರ ಸಾಮಾನಿನ ಪೆಟ್ಟಿಗೆ ಒಂದುಂಟು, ಭಾರ, ಅದನ್ನು ಮೊದಲ ಹಡಗಿಗೆ ಹಾಕ್ತೇನೆ.

ನಿಮಗೆ ಒಂದು ಸಂಗತಿ ಹೇಳದೆ ನನಗೆ ನಿದ್ದೆ ಬರುವುದಿಲ್ಲ. ಅವರು ಹೇಳಬೇಡ ಎಂದಿದ್ದರು, ಈಗ ಅವರಿಲ್ಲ. ಎದೆಯ ಕಾಯಿಲೆ ಎಂದು ಡಾಕ್ಟರು ಕಳೆದ ಕ್ರಿಸ್ಮಸ್ಸಿನ ಹೊತ್ತಿಗೇ ಹೇಳಿದ್ದರು. ಇನ್ನೊಂದು ಮಳೆಗಾಲ ಕಳೆಯುವುದು ಕಷ್ಟ ಅಂತ. ಅದಕ್ಕೇ ಎಪ್ರಿಲಿನಲ್ಲಿ ಊರಿಗೆ ಬರ್ತೇನೆಂದು ಬರೆದದ್ದು. ಹಡಗಿನ ಟಿಕೇಟೂ ತೆಗೆದಾಗಿತ್ತು. ನಿಮ್ಮ ಕಾಗದ ಬಂದ ದಿನ ನನ್ನನ್ನೇ ಕಳುಹಿಸಿ ವಾಪಸು ಮಾಡಿಸಿದರು. ಕನ್ನಡಕ ಒಡೆದದ್ದಲ್ಲ, ಕೈ ನಡುಗ್ತಿತ್ತು.

ನಾನು ಜಗಳ ಮಾಡಿದೆ ಅಮ್ಮ. “ಕಾಯಿಲೆ ಅಂತ ಒಂದು ಸಾಲು ಬರೆ ಮಾರಾಯ” ಎಂದೆ. “ಬರೆದರೆ ಅವಳು ಎದ್ದು ಓಡಿ ಬರ್ತಾಳೆ. ನಾನು ನಾಲ್ಕು ವರ್ಷ ಇಲ್ಲಿ ಸಾರು ನೀರು ಕುಡಿದದ್ದು ಅವಳು ಎದ್ದೇಳಲಿ ಅಂತಲೋ?” ಎಂದರು. ಆಗ ನನಗೆ ಗೊತ್ತಾಯಿತು. ಸ್ಪ್ರಿಂಗು, ಗ್ಯಾಸ್ಕೆಟ್ಟು ಕಳುಹಿಸಲು ನಾನೊಬ್ಬ ಸಾಕಿತ್ತು. ತಾನು ಊರಿನಲ್ಲಿದ್ದರೆ ಯಾರೂ ನಿಮ್ಮ ಮಾತು ಕೇಳುವುದಿಲ್ಲವೆಂದು ಇಲ್ಲಿ ಬಂದು ಕೂತವರು ಅವರು. ದಿನಾ ಮಧ್ಯಾಹ್ನ ಊಟವಾದ ಮೇಲೆ, ಈಗ ಬಸ್ಸು ಉಜಿರೆ ದಾಟಿತು, ಈಗ ತೋಡಾರು, ಎಂದು ಒಬ್ಬರೇ ಹೇಳಿಕೊಳ್ತಿದ್ದರು.

ನಿಮ್ಮ ಜುಲೈಯ ಕಾಗದ ಸಿಕ್ಕಿತು. ಸೈನಬ ಎರಡು ಸಲ ಓದಿದಳು. ಕೇಳಿ ನಕ್ಕರು. “ನಾರಾವಿಯ ಬಸ್ಸು ಎಷ್ಟು ಹೊತ್ತಿಗೆ ಬಿಡ್ತಾಳಂತೆ?” ಎಂದು ಕೇಳಿದರು. ಅದು ಕಾಗದದಲ್ಲಿ ಇರಲಿಲ್ಲ.

ನಿಮ್ಮದು ತಪ್ಪಲ್ಲ. ನಿಮಗೆ ಗೊತ್ತಿರಲಿಲ್ಲ.

ಇದಿನಬ್ಬ


ಬಂಟ್ವಾಳ
೨೫ ಸೆಪ್ಟೆಂಬರ್ ೧೯೬೧

ಇದಿನಬ್ಬ ಬ್ಯಾರಿಗಳಿಗೆ ಕಾಂತಿಯ ನಮಸ್ಕಾರಗಳು.

ಉತ್ತರ ಬರೆಯಲು ತಡವಾಯಿತು. ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಲು ನನ್ನಿಂದ ಇನ್ನೂ ಆಗಿಲ್ಲ. ನಾನು ಬರಬೇಡಿ ಎಂದದ್ದು ಅವರಿಗೆ ಗೊತ್ತಿಲ್ಲ. ಹೇಳಬೇಕು, ಹೇಳುತ್ತೇನೆ.

ತಂತಿ ಬಂದಾಗ ಮಧ್ಯಾಹ್ನ. ಎಲ್ಲರೂ ಆಫೀಸಿನ ಎದುರು ಸೇರಿದರು. ಇವತ್ತು ಬಸ್ಸು ಬೇಡ, ಧಣಿಗಳು ಹೋದ ದಿನ ಬಸ್ಸು ಓಡಿಸುವುದೇ ಎಂದರು. ನನ್ನ ಬಾಯಿಯಲ್ಲೂ ಅದೇ ಮಾತು ಇತ್ತು. ಮೊಯಿದಿನಬ್ಬರು ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದವರು ಎದ್ದು, “ಮುಂಡಾಜೆಯಲ್ಲಿ ಜನ ಬಂದು ನಿಂತಿರ್ತಾರೆ ಅಮ್ಮ” ಎಂದು ಹೇಳಿ ಕಣ್ಣು ಒರಸಿಕೊಂಡು ಬಸ್ಸು ಹತ್ತಿದರು. ಬೋರ್ಡಿನ ಹೊತ್ತಿಗೇ ಹೊರಟಿತು. ಒಬ್ಬೊಬ್ಬರಾಗಿ ಉಳಿದವರೂ ಹೊರಟರು.

ನನ್ನದು ತಪ್ಪಲ್ಲ ಎಂದು ಬರೆದಿದ್ದೀರಿ. ಹಾಗೆ ನೀವು ಬರೆದದ್ದು ನಿಮ್ಮ ದೊಡ್ಡ ಮನಸ್ಸು. ನನಗೆ ಮಾವನ ಮೇಲೆ ಸಿಟ್ಟುಂಟು, ಬ್ಯಾರಿಗಳೇ. ಒಂದು ಸಾಲು ಬರೆದಿದ್ದರೆ ಪರ್ಮಿಟ್ಟು ಗಿರ್ಮಿಟ್ಟು ಎಲ್ಲ ಬಿಟ್ಟು ನಾನು ಬರುತ್ತಿದ್ದೆ. ಬರುತ್ತೇನೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ನನ್ನನ್ನು ಅಷ್ಟು ಚೆನ್ನಾಗಿ ತಿಳಿದವರು ಇನ್ನು ಯಾರೂ ಇಲ್ಲ. ಊರಿನ ಜನ ರಸ್ತೆ ಬದಿಯಲ್ಲಿ ಕಾಯಬಾರದೆಂದು ಬೋರ್ಡು ಹಾಕಿಸಿದವಳು ನಾನು, ಮಾವನನ್ನು ಮಾತ್ರ ಕಾಯಿಸಿದೆ.

ನಾರಾವಿಯ ಬಸ್ಸು ಶುರುವಾಗಿದೆ. ಮೂಡುಬಿದಿರೆಯಿಂದ ಬೆಳಿಗ್ಗೆ ಆರೂವರೆಗೆ ಬಿಡುತ್ತೇನೆ. ಸೈನಬಳಿಗೆ ತಿಳಿಸಿ, ಅವಳು ಕಾಗದದಲ್ಲಿ ಹುಡುಕಿದ್ದಳಲ್ಲ.

ಪೆಟ್ಟಿಗೆ ನಿನ್ನೆ ಬಂದರಿಗೆ ಬಂತು. ಮೊಯಿದಿನಬ್ಬರು ಹೇಳಿದಂತೆಯೇ ಬಸ್ಸು ತೆಗೆದುಕೊಂಡು ಹೋಗಿದ್ದರು. ಹಡಗು ತಡವಾಗಿತ್ತಂತೆ, ಕಾದರಂತೆ. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಆಫೀಸಿನ ಮೆಟ್ಟಿಲು ಹತ್ತಿದರು, ಕಂಡಕ್ಟರುಗಳು ಕೈ ಕೊಡಲು ಬಂದರೆ ಬಿಡಲಿಲ್ಲ. ಸ್ಟೂಲನ್ನು ಎದುರಿಗೆ ಹಾಕಿಸಿಟ್ಟಿದ್ದೆ, ಅದರ ಮೇಲೆ ಇಳಿಸಿದರು.

ಏಳಬಾರದೆಂದು ಬೆಳಗ್ಗಿನಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಎದ್ದು ನಿಂತೆ. ಎಲ್ಲರೂ ನೋಡಿದರು. ನಿಂತೇ “ಬನ್ನಿ ಮಾವ” ಎಂದೆ.

ಆಮೇಲೆ ಪುನಃ ಕೂತೆ. ಬೆಳ್ತಂಗಡಿಯ ಬಸ್ಸಿಗೆ ಹೊತ್ತಾಗಿತ್ತು, ಗುರುವಪ್ಪ ಬಾಗಿಲಲ್ಲಿ ನಿಂತು “ಹೊರಡ್ಲೋ?” ಎಂದು ಕೇಳುತ್ತಿದ್ದ. ಹೊರಡು ಎಂದೆ.

ಕಾಂತಿ